ಮಾರ್ಚ್ ದಾಟುವ ಗಿಡಗಳು

ರಾಜಾಜಿನಗರದಿಂದ ಕೆಂಗೇರಿಯವರೆಗೆ, ಮನೆಯಂಗಳದಲ್ಲಿ ಮೊದಲ ಬಾರಿ ಗಿಡ ನೆಡಲು ಹೊರಟವರು ಬಿಸಿಲಿಗೆ ಒಗ್ಗುವ, ಹೆಚ್ಚು ಆರೈಕೆ ಕೇಳದ ಗಿಡಗಳನ್ನು ಆರಿಸಿಕೊಳ್ಳುವುದು ಹೇಗೆ?

ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿಯುವ ಹೊತ್ತಿಗೆ ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳ ಗೇಟಿನೊಳಗೆ ಹೊಸ ಕುಂಡಗಳು ಬಂದಿರುತ್ತವೆ. ಪಿಟೂನಿಯಾ, ಡೇಲಿಯಾ, ಸೇವಂತಿಗೆ, ಮೊಗ್ಗು ತುಂಬಿದ ಗುಲಾಬಿ. ಜನವರಿಯ ತಂಪಿನಲ್ಲಿ ಎಲ್ಲವೂ ಚೆನ್ನ. ಫೆಬ್ರುವರಿ ಕಳೆಯುತ್ತಲೇ ಎಲೆಯಂಚು ಸುಡತೊಡಗುತ್ತದೆ. ಮಾರ್ಚ್‌ನಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿಹೋಗಿರುತ್ತದೆ. ಯುಗಾದಿಗೆ ತೋರಣ ಕಟ್ಟುವಾಗ ಅರ್ಧ ಕುಂಡಗಳು ಬರಿದು. ‘ನಮ್ಮ ಕೈಗೆ ಗಿಡ ಬರೋದಿಲ್ಲ ಬಿಡಿ’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ.

ಅದೇ ಬೀದಿಯ ಹಳೆಯ ಮನೆಯೊಂದರ ಕಾಂಪೌಂಡಿನ ಮೇಲೆ ಅದೇ ಮಾರ್ಚ್‌ನಲ್ಲಿ ಕಣಗಿಲೆ ಗೊಂಚಲು ಗೊಂಚಲಾಗಿ ಬಿಟ್ಟಿರುತ್ತದೆ. ಪಕ್ಕದಲ್ಲಿ ಕೆಂಪು ದಾಸವಾಳ, ಮೂಲೆಯಲ್ಲಿ ಕರಿಬೇವು. ಬೆಳಗಿನ ವಾಕಿಂಗ್ ಹೊರಟವರು ದೇವರಪೂಜೆಗೆಂದು ಕೈಚೀಲ ಹಿಡಿದು ಆ ಕೊಂಬೆಗಳನ್ನು ಬಗ್ಗಿಸುತ್ತಿರುತ್ತಾರೆ. ಆ ಗಿಡಗಳಿಗೆ ದಿನವೂ ನೀರು ಹಾಕುವವರಿಲ್ಲ, ಗೊಬ್ಬರ ಕಂಡು ವರ್ಷವಾಗಿರಬಹುದು. ಆದರೂ ಅವು ಬದುಕಿವೆ, ಹೂ ಕೊಡುತ್ತಿವೆ.

ಹೊಸಬರು ಸೋಲುವುದು ಆರೈಕೆಯಲ್ಲಿ ಅಲ್ಲ, ಆಯ್ಕೆಯಲ್ಲಿ. ನರ್ಸರಿಯಲ್ಲಿ ಇವತ್ತು ಎಷ್ಟು ಹೂ ಬಿಟ್ಟಿದೆ ಎಂಬುದನ್ನು ನೋಡಿ ಗಿಡ ತರುತ್ತೇವೆ. ಮನೆಯ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಮಾರ್ಚ್ ತಿಂಗಳಿನಲ್ಲಿ ಎಷ್ಟು ನೀರು ಕೊಡಬಲ್ಲೆವು ಎಂಬ ಎರಡು ಪ್ರಶ್ನೆ ಕೇಳಿಕೊಂಡು ಹೊರಟರೆ ಆಯ್ಕೆ ತಾನಾಗಿ ಸರಿಹೋಗುತ್ತದೆ. ನಮ್ಮ ಬಡಾವಣೆಗಳಲ್ಲಿ ಆ ಪ್ರಶ್ನೆಗಳಿಗೆ ಉತ್ತರವೂ ಸಿದ್ಧವಾಗಿದೆ. ಅದು ಹಳೆಯ ಮನೆಗಳ ಕಾಂಪೌಂಡಿನ ಮೇಲೆ ಬೆಳೆದು ನಿಂತಿದೆ.

ಮೊದಲು ಬಿಸಿಲಿನ ಲೆಕ್ಕ

ಬೆಂಗಳೂರು ಸಮಭಾಜಕದಿಂದ ಉತ್ತರಕ್ಕೆ 13 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ ವಾಲಿರುತ್ತಾನೆ.

ಇದು ಮೂವತ್ತು-ನಲವತ್ತು ಸೈಟಿನ ಮನೆಗೆ ಬಹಳ ಮುಖ್ಯವಾದ ಸಂಗತಿ. ಇಪ್ಪತ್ತೆರಡು ಅಡಿ ಎತ್ತರದ ಎರಡಂತಸ್ತಿನ ಮನೆ ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಸುಮಾರು ಹದಿನಾರು ಅಡಿ ನೆರಳು ಚೆಲ್ಲುತ್ತದೆ. ಅದೇ ಮನೆ ಜೂನ್ ಮಧ್ಯಾಹ್ನ ದಕ್ಷಿಣಕ್ಕೆ ಚೆಲ್ಲುವ ನೆರಳು ನಾಲ್ಕೇ ಅಡಿ. ಅಂದರೆ ಮನೆಯ ಉತ್ತರ ಬದಿಯಲ್ಲಿ ಬಿಟ್ಟ ಮೂರಡಿ ಜಾಗ ಮೇ ತಿಂಗಳಿನಲ್ಲಿ ಬಿಸಿಲಾಗಿ ಕಂಡರೂ ಚಳಿಗಾಲವಿಡೀ ನೆರಳಲ್ಲೇ ಇರುತ್ತದೆ. ಮೇ ತಿಂಗಳ ಬಿಸಿಲು ನೋಡಿ ಅಲ್ಲಿ ದಾಸವಾಳ ಹಾಕಿದರೆ ಅಕ್ಟೋಬರ್ ಬರುವಷ್ಟರಲ್ಲಿ ಅದು ಬೆಳಕು ಹುಡುಕಿಕೊಂಡು ಉದ್ದಕ್ಕೆ ಸೊರಗಿ ಬೆಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ.

ಪೂರ್ವದ ಅಂಗಳ ಹೊಸಬರ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಬಿಸಿಲು ಗಿಡಕ್ಕೆ ಬೇಕಾದ ಶಕ್ತಿ ಕೊಡುತ್ತದೆ, ಆದರೆ ಸುಡುವುದಿಲ್ಲ. ದಕ್ಷಿಣದ ಅಂಗಳವೂ ಒಳ್ಳೆಯದೇ, ಆ ಕಡೆ ಎತ್ತರದ ಕಟ್ಟಡವಿರಬಾರದು ಅಷ್ಟೆ. ಪಶ್ಚಿಮದ ಜಾಗ ಕಠಿಣ. ಮಧ್ಯಾಹ್ನ ಒಂದರಿಂದ ಐದರವರೆಗೆ ನೇರ ಬಿಸಿಲು, ಜೊತೆಗೆ ಕಾದ ಗೋಡೆಯ ಝಳ, ಕೆಳಗೆ ಕಾದ ಗ್ರಾನೈಟು. ಅಲ್ಲಿ ನಿಲ್ಲುವುದು ಕಣಗಿಲೆ, ಬೋಗನ್‌ವಿಲ್ಲಾ, ದೇವಕಣಗಿಲೆಯಂಥ ಗಟ್ಟಿ ಗಿಡಗಳು ಮಾತ್ರ.

ಗಿಡ ಕೊಳ್ಳುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಅಂಗಳಕ್ಕೆ ಹೋಗಿ ಬಿಸಿಲು ಬಿದ್ದ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸಿ. ದಿನಕ್ಕೆ ಆರು ಗಂಟೆಗೂ ಹೆಚ್ಚು ನೇರ ಬಿಸಿಲು ಬಿದ್ದರೆ ಅದು ಪೂರ್ಣ ಬಿಸಿಲಿನ ಜಾಗ. ಮೂರು-ನಾಲ್ಕು ಗಂಟೆಯಾದರೆ ಅರೆ ಬಿಸಿಲು. ಅದಕ್ಕೂ ಕಡಿಮೆಯಿದ್ದರೆ ಈ ಲೇಖನದ ಹೆಚ್ಚಿನ ಗಿಡಗಳು ಅಲ್ಲಿಗೆ ಹೊಂದುವುದಿಲ್ಲ.

ಕೆಂಗೇರಿ ಉಪನಗರ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಕಡೆಯ ಹೊಸ ಮನೆಗಳಿಗೆ ಇನ್ನೊಂದು ಮಾತು. ಇವತ್ತು ಪಕ್ಕದ ಸೈಟು ಖಾಲಿಯಿದ್ದು ಬಿಸಿಲು ಧಾರಾಳವಾಗಿ ಬರುತ್ತಿರಬಹುದು. ನಾಳೆ ಅಲ್ಲಿ ಮೂರಂತಸ್ತು ಏಳುತ್ತದೆ. ಅಂಥ ಕಡೆ ದೊಡ್ಡ ಗಿಡಗಳನ್ನು ರಸ್ತೆಯ ಬದಿಗೆ ನೆಡಿ, ಏಕೆಂದರೆ ರಸ್ತೆಯ ಮೇಲೆ ಯಾರೂ ಮನೆ ಕಟ್ಟುವುದಿಲ್ಲ. ಖಾಲಿ ಸೈಟಿನ ಬದಿಗೆ ಕುಂಡದ ಗಿಡ ಸಾಕು.

ನೀರಿನ ಮಾತು

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 97 ಸೆಂಟಿಮೀಟರ್ ಹತ್ತಿರ ಮಳೆ ಬರುತ್ತದೆ. ಅದರಲ್ಲಿ ಜನವರಿ, ಫೆಬ್ರುವರಿ, ಮಾರ್ಚ್ ಮೂರೂ ತಿಂಗಳ ಪಾಲು ಎರಡು-ಮೂರು ಸೆಂಟಿಮೀಟರ್ ಮಾತ್ರ. ಸೆಪ್ಟೆಂಬರ್ ಒಂದರಲ್ಲೇ ಇಪ್ಪತ್ತರ ಹತ್ತಿರ ಸುರಿಯುತ್ತದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ತಲುಪಿತ್ತು. ಒಂದು ಕಾಲು ವರ್ಷ ಒಣಗಿ, ಇನ್ನೊಂದು ಕಾಲು ವರ್ಷ ನೆನೆಯುವ ಊರು ನಮ್ಮದು. ಎರಡನ್ನೂ ತಡೆದುಕೊಳ್ಳುವ ಗಿಡ ಮಾತ್ರ ಇಲ್ಲಿ ಸುಲಭದ ಗಿಡ.

2024ರ ಮಾರ್ಚ್ ನಮಗೆಲ್ಲ ನೆನಪಿದೆ. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್‌ಗೆ ಸಾಲು ನಿಂತಿತು. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. 2025ರ ಫೆಬ್ರುವರಿಯಲ್ಲಿ ಅದೇ ನಿರ್ಬಂಧ ಮತ್ತೆ ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಹುಲ್ಲುಹಾಸಿಗೆ ಚೆಲ್ಲುವುದು ಸರಿಯಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಹಾಗೆಂದು ಗಿಡವೇ ಬೇಡವೆಂದಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲಿ ಬದುಕುವ ಗಿಡ ಬೇಕು ಎಂದರ್ಥ. ನಾಲ್ಕು ಜನರ ಮನೆಯಲ್ಲಿ ಅಂಥ ನೀರು ದಿನಕ್ಕೆ ಒಂದು ಬಕೆಟ್ಟಾದರೂ ಸಿಗುತ್ತದೆ. ಬೇರೂರಿದ ಐದಾರು ಗಿಡಗಳಿಗೆ ಅದು ಸಾಕು. ಫಿಲ್ಟರಿನಿಂದ ಹೊರಹೋಗುವ ನೀರಿನಲ್ಲಿ ಲವಣ ಹೆಚ್ಚು. ಅದನ್ನು ಬೇರೆ ನೀರಿನೊಂದಿಗೆ ಬೆರೆಸಿ, ನೆಲದಲ್ಲಿರುವ ಗಟ್ಟಿ ಗಿಡಗಳಿಗಷ್ಟೇ ಕೊಡಿ. ಕುಂಡಕ್ಕೆ ಬೇಡ.

ಮಳೆಗಾಲದಲ್ಲಿ ನಮ್ಮ ತಾರಸಿಯೇ ದೊಡ್ಡ ಆಸ್ತಿ. ಸಾವಿರ ಚದರಡಿಯ ತಾರಸಿಯ ಮೇಲೆ ಎರಡು ಸೆಂಟಿಮೀಟರ್ ಮಳೆ ಬಿದ್ದರೆ 1,800 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅದರ ಒಂದು ಪೈಪನ್ನು ಗಿಡದ ಪಾತಿಯ ಕಡೆಗೆ ತಿರುಗಿಸಿದರೆ ನೆಲದಾಳಕ್ಕೆ ತೇವ ಇಳಿಯುತ್ತದೆ. ಬೇರೂ ಅದರ ಹಿಂದೆಯೇ ಇಳಿಯುತ್ತದೆ. ದಿನವೂ ಚೊಂಬು ನೀರು ಚಿಮುಕಿಸಿದರೆ ಬೇರು ಮೇಲ್ಪದರದಲ್ಲೇ ಉಳಿದು, ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಒಣಗಿರುತ್ತದೆ. ಅಪರೂಪಕ್ಕೆ, ಆದರೆ ತುಂಬಾ ಕೊಡಿ. ಮೊದಲ ವರ್ಷ ವಾರಕ್ಕೆ ಎರಡು ಸಲ ಅರ್ಧ ಬಕೆಟ್. ಎರಡನೇ ವರ್ಷದಿಂದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಾಕು.

ಕಾಂಪೌಂಡಿನೊಳಗಿನ ಮಣ್ಣು

ಬೆಂಗಳೂರಿನ ಮೂಲ ಮಣ್ಣು ಕೆಮ್ಮಣ್ಣು, ನೀರು ಬೇಗ ಬಸಿಯುವ ಒಳ್ಳೆಯ ಮಣ್ಣು. ಆದರೆ ಮನೆ ಕಟ್ಟಿದ ಮೇಲೆ ಕಾಂಪೌಂಡಿನೊಳಗೆ ಉಳಿಯುವುದು ಅದಲ್ಲ. ಒಂದಡಿ ಅಗೆದರೆ ಇಟ್ಟಿಗೆ ಚೂರು, ಜಲ್ಲಿ, ಎಂ-ಸ್ಯಾಂಡ್, ಗಟ್ಟಿಯಾದ ಸಿಮೆಂಟು ಉಂಡೆ, ಟೈಲ್ಸ್ ತುಂಡು. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರೀಯ ಮಾಡುತ್ತದೆ. ಆಗ ಕಬ್ಬಿಣದಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆಯ ನರ ಹಸಿರಾಗಿದ್ದು ನಡುಭಾಗ ಹಳದಿಯಾಗುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಬೋರಿನ ಗಡಸು ನೀರೂ ಸೇರಿದರೆ ತೊಂದರೆ ಇಮ್ಮಡಿ.

ಪರಿಹಾರ ಕಷ್ಟದ್ದಲ್ಲ, ಒಂದು ಸಲದ ಶ್ರಮ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ತೋಡಿ. ಕಲ್ಲು, ಜಲ್ಲಿ ಆರಿಸಿ ಹೊರಹಾಕಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಅಗೆಯುವ ಮುನ್ನ ಸಂಪು, ನೀರಿನ ಪೈಪು, ಒಳಚರಂಡಿ ಎಲ್ಲಿವೆ ಎಂದು ತಿಳಿದುಕೊಳ್ಳಿ. ಅಂಗಳವೆಲ್ಲ ಟೈಲ್ಸ್ ಆಗಿದ್ದರೆ ಗೋಡೆಯ ಬದಿಯ ಎರಡು ಸಾಲು ಎಬ್ಬಿಸಿ. ಅಷ್ಟು ಜಾಗದಲ್ಲಿ ನಾಲ್ಕು ಗಿಡ ಹಿಡಿಸುತ್ತವೆ, ಮಳೆನೀರೂ ಇಂಗುತ್ತದೆ.

ನೆಟ್ಟ ಮೇಲೆ ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ. ರಾಜಾಜಿನಗರ, ವಿಜಯನಗರದ ರಸ್ತೆಗಳಲ್ಲಿ ಹೊಂಗೆ ಎಲೆ ಬೇಕಾದಷ್ಟು ಉದುರುತ್ತದೆ. ಗುಡಿಸಿ ಸುಡುವ ಬದಲು ಎರಡು ಮೂರು ಅಂಗುಲ ದಪ್ಪಕ್ಕೆ ಪಾತಿಯಲ್ಲಿ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಗೆದ್ದಲು ಹತ್ತುತ್ತದೆ.

ಬೀದಿಯೇ ಕೊಡುವ ಪಟ್ಟಿ

1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರದಲ್ಲಿ ಈಗ ಮೂರನೇ ತಲೆಮಾರು ವಾಸಿಸುತ್ತಿದೆ. ವಿಜಯನಗರ, ಬಸವೇಶ್ವರನಗರದ ಹಳೆಯ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ನಡೆದರೆ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಅವೇ ಏಳೆಂಟು ಗಿಡಗಳು. ಎಷ್ಟೋ ಬರಗಾಲ, ಎಷ್ಟೋ ಮನೆ ರಿಪೇರಿ, ಎಷ್ಟೋ ಬಾಡಿಗೆದಾರರ ಅಲಕ್ಷ್ಯ ದಾಟಿ ಬಂದ ಗಿಡಗಳಿವು.

ಕಣಗಿಲೆ ಈ ಸಾಲಿನಲ್ಲಿ ಮೊದಲನೆಯದು. ಇದರ ತೊಗಲಿನಂಥ ಎಲೆಯ ಕೆಳಬದಿಯಲ್ಲಿ ಸಣ್ಣ ಗುಳಿಗಳಿವೆ. ಎಲೆ ಉಸಿರಾಡುವ ರಂಧ್ರಗಳು ಆ ಗುಳಿಗಳೊಳಗೆ, ನವಿರು ರೋಮಗಳ ಮರೆಯಲ್ಲಿವೆ. ಬಿಸಿಗಾಳಿ ನೇರವಾಗಿ ತಾಗದ ಕಾರಣ ನೀರು ಹೆಚ್ಚು ಆವಿಯಾಗುವುದಿಲ್ಲ. ಹೆದ್ದಾರಿಗಳ ನಡುಪಟ್ಟಿಯಲ್ಲಿ, ಹೊಗೆ ಧೂಳಿನ ನಡುವೆ ಇದನ್ನೇ ನೆಡುವುದು ಅದಕ್ಕಾಗಿ. ಆದರೆ ಇದರ ಬೇರು, ಕಾಂಡ, ಎಲೆ, ಹೂ ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವ ವಿಷ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬೇಡ. ಸವರಿದ ಕೊಂಬೆಗಳನ್ನು ರಸ್ತೆಗೆ ಎಸೆಯಬೇಡಿ, ಬೀದಿಯ ದನಗಳು ತಿಂದರೆ ಸಾಯುತ್ತವೆ.

ದಾಸವಾಳದಲ್ಲಿ ಒಂದೇ ಸುತ್ತಿನ ಕೆಂಪು ನಾಟಿ ಗಿಡವನ್ನೇ ಆರಿಸಿ. ಅಂಗೈ ಅಗಲದ ಹಳದಿ, ನೇರಳೆ ಹೂವಿನ ಹೈಬ್ರಿಡ್‌ಗಳು ನೋಡಲು ಚೆಂದ, ಬೇರು ನಾಜೂಕು. ದಾಸವಾಳದ ಒಂದು ಹೂ ಒಂದೇ ದಿನದ್ದು. ಹೊಸ ಚಿಗುರಿನಲ್ಲಿ ಮಾತ್ರ ಮೊಗ್ಗು ಕಟ್ಟುತ್ತದೆ. ಹಾಗಾಗಿ ಮಳೆಗಾಲದ ಆರಂಭದಲ್ಲಿ ಮೂರನೇ ಒಂದು ಪಾಲು ಸವರಿದರೆ ಹೂ ಹೆಚ್ಚು. ಬೇಸಿಗೆಯಲ್ಲಿ ಕುಡಿಗೆ ಬಿಳಿ ಹಿಟ್ಟು ತಿಗಣೆ ಹತ್ತುತ್ತದೆ. ಪೈಪಿನ ನೀರನ್ನು ರಭಸವಾಗಿ ಹಾಯಿಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎರಡು ತೊಟ್ಟು ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ. ವಿಪರೀತ ಹತ್ತಿದ ಕುಡಿಯನ್ನು ಕತ್ತರಿಸಿ ಹಾಕುವುದೇ ಮೇಲು.

ದೇವಕಣಗಿಲೆ ಮಧ್ಯ ಅಮೆರಿಕದ ಕಡೆಯಿಂದ ಬಂದು ನಮ್ಮ ದೇವಸ್ಥಾನಗಳ ಅಂಗಳದಲ್ಲಿ ನೆಲೆಯೂರಿದ ಗಿಡ. ದಪ್ಪ ಕೊಂಬೆಗಳಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ನಿಂತಾಗ ಸತ್ತಿತೆಂದು ಹೆದರಬೇಡಿ, ನೀರನ್ನೂ ಸುರಿಯಬೇಡಿ. ಬೇಸಿಗೆ ಕಾವು ಏರಿದಂತೆ ಬರಿ ಕೊಂಬೆಯ ತುದಿಯಲ್ಲಿ ಗೊಂಚಲು ಮೂಡುತ್ತದೆ. ಒಂದು ಮೊಳದ ಕೊಂಬೆ ಕಡಿದು, ಹಾಲು ಒಣಗಲು ಒಂದು ವಾರ ನೆರಳಲ್ಲಿಟ್ಟು ನೆಟ್ಟರೆ ಸಾಕು.

ಕಾಂಪೌಂಡಿನ ಮೇಲೆ ಬಣ್ಣ ಬೇಕೆಂದರೆ ಬೋಗನ್‌ವಿಲ್ಲಾ. ನಾವು ಹೂ ಎನ್ನುವ ಬಣ್ಣದ ಭಾಗ ನಿಜಕ್ಕೂ ಎಲೆಯ ರೂಪಾಂತರ. ಅದರ ನಡುವಿನ ಪುಟ್ಟ ಬಿಳಿ ಕೊಳವೆಗಳೇ ಹೂ. ಮಣ್ಣು ತುಸು ಒಣಗಿದಾಗಲೇ ಇದು ಹೆಚ್ಚು ಬಣ್ಣ ತೋರುತ್ತದೆ. ನೀರು, ಗೊಬ್ಬರ ಹೆಚ್ಚಾದರೆ ಬರೀ ಹಸಿರು. ಮುಳ್ಳಿರುವುದರಿಂದ ಗೇಟಿನ ಪಕ್ಕ, ಮಕ್ಕಳು ಓಡಾಡುವ ದಾರಿಯಲ್ಲಿ ಬೇಡ. ಹದಿನಾಲ್ಕು ಅಂಗುಲದ ಕುಂಡದಲ್ಲೂ ವರ್ಷಗಟ್ಟಲೆ ಇರುತ್ತದೆ.

ನೆಲಮಟ್ಟದಲ್ಲಿ ಎರಡು ಸಣ್ಣ ಗಿಡಗಳಿವೆ. ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ್ದು. ಸಿಮೆಂಟಿನ ಬಿರುಕಿನಲ್ಲೂ ಹುಟ್ಟಿಕೊಂಡು ಹನ್ನೆರಡು ತಿಂಗಳೂ ಹೂ ಬಿಡುತ್ತದೆ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧದ ಮೂಲ ಇದೇ ಗಿಡ. ಅದನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿಯೇ ಬಳಸಬೇಕು, ಮನೆಯಲ್ಲಿ ಎಲೆ ಅಗಿದರೆ ಅಪಾಯ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಅದೊಂದೇ ಎಚ್ಚರ. ಇನ್ನೊಂದು ಟೇಬಲ್ ರೋಸ್. ಬಿಸಿಲೇರಿದಾಗ ಅರಳಿ ಮಧ್ಯಾಹ್ನ ಕಳೆಯುತ್ತಲೇ ಮುಚ್ಚಿಕೊಳ್ಳುತ್ತದೆ. ಒಂದು ತುಂಡು ಕಡ್ಡಿ ಚುಚ್ಚಿದರೂ ಬೇರು ಬಿಡುತ್ತದೆ. ಎರಡಂಗುಲ ಮಣ್ಣಿರುವ ಅಗಲದ ತಟ್ಟೆಯಲ್ಲೂ ಬದುಕುತ್ತದೆ.

ಪರಿಮಳಕ್ಕೆ ಕಾಕಡ ಮತ್ತು ದುಂಡುಮಲ್ಲಿಗೆ. ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಮೊಳಕಾಲೆತ್ತರಕ್ಕೆ ಸವರಿ ಎಲೆ ಬಿಡಿಸಿದರೆ ಮಾರ್ಚ್‌ನಿಂದ ಮಳೆಗಾಲದವರೆಗೆ ಮೊಗ್ಗು. ಅರೆ ಬಿಸಿಲಿನ ಜಾಗ ಮಾತ್ರ ಇದ್ದವರಿಗೆ ನಂದಿಬಟ್ಟಲು ಆಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಪ್ರಜ್ವಲ್ ತಳಿಯ ಸುಗಂಧರಾಜದ ಗೆಡ್ಡೆ ಸಿಕ್ಕರೆ ಒಂದು ಸಾಲು ಹಾಕಿ. ಪೂರ್ಣ ಬಿಸಿಲು, ನೀರು ಬಸಿಯುವ ಮಣ್ಣು ಇಷ್ಟೇ ಅದರ ಬೇಡಿಕೆ.

ಅಡುಗೆಮನೆಯ ಪಾಲು

ಕರಿಬೇವು ಮೊದಲೆರಡು ವರ್ಷ ನಿಧಾನ. ಎಲೆ ಕೀಳುವ ಆತುರ ಬೇಡ. ಮೂರಡಿ ಬಂದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಆಮೇಲೆ ಎಲೆ ಎಲೆಯಾಗಿ ಕೀಳದೆ ಕೊಂಬೆಯನ್ನೇ ಕತ್ತರಿಸಿಕೊಳ್ಳಿ. ಇದು ನಿಂಬೆಯ ಕುಟುಂಬದ ಗಿಡ. ಎರಡರ ಮೇಲೂ ದೊಡ್ಡ ಬಾಲದ ಕಪ್ಪು ಚಿಟ್ಟೆ, ನಿಂಬೆ ಚಿಟ್ಟೆ ಮೊಟ್ಟೆಯಿಡುತ್ತವೆ. ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಆಮೇಲೆ ಹಸಿರಾಗುತ್ತದೆ. ನಾಲ್ಕು ಎಲೆ ತಿಂದರೆ ತಿನ್ನಲಿ. ಬೆಳೆದ ಗಿಡಕ್ಕೆ ಅದರಿಂದ ನಷ್ಟವಿಲ್ಲ, ಔಷಧ ಹೊಡೆಯುವ ಅಗತ್ಯವೂ ಇಲ್ಲ.

ನುಗ್ಗೆ ಬೀಜ ಹಾಕಿದ ವರ್ಷದೊಳಗೇ ಕಾಯಿ ಕೊಡಬಲ್ಲದು. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’, ತಮಿಳುನಾಡಿನ ಪಿ.ಕೆ.ಎಂ-1 ತಳಿಗಳು ಇದಕ್ಕೆ ಹೆಸರಾಗಿವೆ. ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಮಳೆಗಾಲದಲ್ಲಿ ಕಂಬಳಿಹುಳು ಗುಂಪುಗುಂಪಾಗಿ ಬರುತ್ತದೆ. ಆದ್ದರಿಂದ ಕಿಟಕಿ, ಬಟ್ಟೆ ಒಣಹಾಕುವ ತಂತಿಯಿಂದ ದೂರ ನೆಡಬೇಕು, ಪ್ರತಿ ವರ್ಷ ಎದೆಮಟ್ಟಕ್ಕೆ ಕಡಿಯಬೇಕು. ಅಷ್ಟು ಜಾಗವಿಲ್ಲದವರು ನುಗ್ಗೆ ಬಿಟ್ಟು ನಿಂಬೆ ಹಾಕಲಿ. ಬೀಜದ ಸಸಿ ಬಹಳ ವರ್ಷ ಕಾಯಿಸುತ್ತದೆ, ಕಸಿ ಗಿಡ ಕೇಳಿ.

ದೊಡ್ಡಪತ್ರೆ, ಲೋಳೆಸರ, ಮಜ್ಜಿಗೆ ಹುಲ್ಲು ಮೂರಕ್ಕೂ ದುಡ್ಡು ಕೊಡಬೇಕಿಲ್ಲ, ಪಕ್ಕದ ಮನೆಯಲ್ಲಿ ಕೇಳಿದರೆ ಸಿಗುತ್ತವೆ. ಲೋಳೆಸರದ ಎಲೆಯ ರಂಧ್ರಗಳು ಹಗಲು ಮುಚ್ಚಿದ್ದು ರಾತ್ರಿ ತೆರೆಯುತ್ತವೆ, ಅದಕ್ಕೇ ಅದು ಹದಿನೈದು ದಿನ ನೀರಿಲ್ಲದೆಯೂ ಇರಬಲ್ಲದು. ಈ ಗಿಡವನ್ನು ಕೊಲ್ಲುವುದು ಅತಿ ನೀರು ಮಾತ್ರ.

ಸದ್ಯಕ್ಕೆ ಬೇಡವೆನ್ನಬೇಕಾದವು

ಗುಲಾಬಿಗೆ ಬಿಸಿಲು ಬೇಕು ನಿಜ. ಆದರೆ ಎಲೆಯ ಕಪ್ಪು ಚುಕ್ಕೆ, ನುಸಿ, ಹೇನು, ಸವರುವ ಲೆಕ್ಕ ಎಲ್ಲವನ್ನೂ ಅದು ಒಟ್ಟಿಗೆ ಕಲಿಸುತ್ತದೆ. ಅದನ್ನು ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ. ಹುಲ್ಲುಹಾಸು ಬೇಡವೇ ಬೇಡ. ಮಾರ್ಚ್ ತಿಂಗಳಿನಲ್ಲಿ ನೂರು ಚದರಡಿ ಹುಲ್ಲು ಹಸಿರಾಗಿರಲು ದಿನಕ್ಕೆ 45 ಲೀಟರಿನಷ್ಟು ನೀರು ಬೇಕಾಗುತ್ತದೆ. ಮೂರಡಿ ಜಾಗದಲ್ಲಿ ಆಲದ ಜಾತಿಯ ಅಲಂಕಾರದ ಗಿಡ, ಹೊಂಗೆ, ಮಾವು ಹಾಕಬೇಡಿ. ಹತ್ತು ವರ್ಷದಲ್ಲಿ ಸಂಪಿನ ಗೋಡೆಗೆ ತೊಂದರೆ.

ಗಟ್ಟಿ ಗಿಡವೆಲ್ಲ ಒಳ್ಳೆಯ ಗಿಡವಲ್ಲ. ಲಂಟಾನ ಅಲಂಕಾರಕ್ಕೆಂದು ಭಾರತಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಇವತ್ತು ಬಂಡೀಪುರ, ಮಲೆಮಹದೇಶ್ವರ ಬೆಟ್ಟದ ಕಾಡುಗಳ ನೆಲವನ್ನು ಅದು ಆವರಿಸಿ ಹುಲ್ಲು ಬೆಳೆಯದಂತೆ ಮಾಡಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಅಂಗಳದಿಂದ ಓಡಿಹೋಗಿ ಕಾಡು ಸೇರುವ ಗಿಡವನ್ನು ನಾವು ಸಾಕಬಾರದು.

ನರ್ಸರಿಯಲ್ಲಿ ನಿಂತಾಗ

‘ಅಣ್ಣ, ಇದು ಬಿಸಿಲಿಗೆ ಇಡಬಹುದಾ?’ ಎಂದರೆ ‘ಇಡಿ ಮೇಡಂ, ಏನೂ ಆಗಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಬದಲಿಗೆ ಗಿಡ ಈಗ ಎಲ್ಲಿದೆ ನೋಡಿ. ಹಸಿರು ಬಲೆಯ ಕೆಳಗಿದ್ದ ಗಿಡವನ್ನು ತಂದ ದಿನವೇ ಪೂರ್ಣ ಬಿಸಿಲಿಗಿಟ್ಟರೆ ಸುಡುತ್ತದೆ. ಮೊದಲ ವಾರ ಬೆಳಗಿನ ಬಿಸಿಲು ಮಾತ್ರ, ಆಮೇಲೆ ದಿನಕ್ಕಿಷ್ಟು ಹೆಚ್ಚಿಸಿ. ಬಯಲಲ್ಲಿಟ್ಟ ಗಿಡವೇ ಸಿಕ್ಕರೆ ಇನ್ನೂ ಒಳ್ಳೆಯದು.

ಹೂ ತುಂಬಿದ ಗಿಡಕ್ಕಿಂತ ಕವಲು ತುಂಬಿದ ಗಿಡ ಮೇಲು. ಎಲೆಯ ಅಡಿ ತಿರುಗಿಸಿ ನೋಡಿ. ಬಿಳಿ ಹಿಟ್ಟು, ಜಿಗುಟು ಕಂಡರೆ ಬೇಡ. ಕವರಿನ ತಳದಿಂದ ಬೇರು ಹೊರಬಂದು ಸುತ್ತಿಕೊಂಡಿದ್ದರೆ ಆ ಗಿಡ ಬಹಳ ಕಾಲ ಅಲ್ಲೇ ಸಿಕ್ಕಿಕೊಂಡಿದೆ ಎಂದರ್ಥ. ನಮ್ಮ ನರ್ಸರಿಗಳಿಗೆ ಬರುವ ಅನೇಕ ಗಿಡಗಳು ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳವು. ಅಲ್ಲಿನ ಅಂಟು ಮಣ್ಣಿನ ಮುದ್ದೆಯೊಂದಿಗೇ ಬರುತ್ತವೆ. ಆ ಮುದ್ದೆಯನ್ನು ಹಾಗೆಯೇ ಕೆಮ್ಮಣ್ಣಿನಲ್ಲಿ ಹೂತರೆ ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಗಟ್ಟಿಯಾಗಿ ನೀರು ಒಳಗಿಳಿಯುವುದಿಲ್ಲ. ಹೊರಪದರವನ್ನು ಬೆರಳಿನಿಂದ ಮೆಲ್ಲಗೆ ಉದುರಿಸಿ ನೆಡಬೇಕು.

ಮೊದಲ ವರ್ಷದ ಕೆಲಸ

ನೆಡುವ ಕಾಲ ಜೂನ್, ಜುಲೈ. ಮೃಗಶಿರಾ, ಆರಿದ್ರಾ ಮಳೆಯ ಹೊತ್ತಿಗೆ ನೆಟ್ಟ ಗಿಡಕ್ಕೆ ಮಾರ್ಚ್ ಬಿಸಿಲು ಬರುವ ಮುಂಚೆ ಬೇರಿಳಿಸಲು ಎಂಟು ತಿಂಗಳು ಸಿಗುತ್ತದೆ. ಜನವರಿಯಲ್ಲಿ ನೆಟ್ಟದ್ದಕ್ಕೆ ಎರಡೇ ತಿಂಗಳು. ದಾಸವಾಳ, ಕಣಗಿಲೆ, ನಂದಿಬಟ್ಟಲಿನ ಕಡ್ಡಿ ನೆಡಲೂ ಇದೇ ಸಮಯ: ಪೆನ್ಸಿಲ್ ದಪ್ಪ, ಗೇಣುದ್ದ, ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದದ್ದು.

ಆಗಸ್ಟ್‌ನಿಂದ ಅಕ್ಟೋಬರ್ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಕೆಲಸ. ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ತಪ್ಪದೆ ಬರಿದು ಮಾಡಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಜುಲೈಯಲ್ಲಿ ಬಿತ್ತಿದ ಚೆಂಡುಹೂ ದಸರೆಯ ಆಯುಧಪೂಜೆಗೆ ಕೈಗೆ ಬರುತ್ತದೆ. ಮಕ್ಕಳ ಕೈಯಲ್ಲಿ ಮಾಡಿಸಲು ಇದಕ್ಕಿಂತ ಒಳ್ಳೆಯ ಬೆಳೆಯಿಲ್ಲ. ನವೆಂಬರ್‌ನಲ್ಲಿ ಒಂದೊಂದು ಗಿಡಕ್ಕೆ ಎರಡು ಹಿಡಿ ಎರೆಗೊಬ್ಬರ ಅಥವಾ ಮನೆಯ ಹಸಿಕಸದಿಂದ ಮಾಡಿದ ಕಾಂಪೋಸ್ಟ್. ಜನವರಿ ಕೊನೆಯಲ್ಲಿ ಎಲೆಹೊದಿಕೆಯನ್ನು ದಪ್ಪ ಮಾಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೊಬ್ಬರ ಬೇಡ, ಸವರುವುದು ಬೇಡ, ಜಾಗ ಬದಲಿಸುವುದು ಬೇಡ. ನೀರು ಹಾಕುವ ಮುನ್ನ ಬೆರಳನ್ನು ಎರಡಂಗುಲ ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ಬಿಟ್ಟುಬಿಡಿ. ಮಧ್ಯಾಹ್ನ ಎಲೆ ಬಾಡಿ ಸಂಜೆ ತಾನಾಗಿ ಎದ್ದರೆ ಅದು ಬಾಯಾರಿಕೆಯಲ್ಲ, ಬಿಸಿಲಿನಿಂದ ಗಿಡ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ನೀರು ಬೇಕು.

ಐದರಿಂದ ಆರಂಭಿಸಿ

ಜರ್ಮನಿ ಮೂಲದ ಸಸ್ಯತಜ್ಞ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದರು. ಮುಂದಿನ ಎರಡೂವರೆ ದಶಕ ಈ ಊರಿನ ರಸ್ತೆಗಳಿಗೆ ಮರ ಆರಿಸಿದಾಗ ಅವರು ಗಮನಿಸಿದ್ದು ಹೂವಿನ ಬಣ್ಣವನ್ನಷ್ಟೇ ಅಲ್ಲ, ಯಾವ ಮರ ಯಾವ ತಿಂಗಳಲ್ಲಿ ಅರಳುತ್ತದೆ ಎಂಬುದನ್ನೂ. ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ ಅವರು ಸಾಲು ಹೊಂದಿಸಿದರು. ಪುಟ್ಟ ಅಂಗಳದಲ್ಲೂ ಇದು ಸಾಧ್ಯ. ಬೇಸಿಗೆಗೆ ದುಂಡುಮಲ್ಲಿಗೆ, ದೇವಕಣಗಿಲೆ, ಮಳೆಗಾಲಕ್ಕೆ ಸುಗಂಧರಾಜ, ದಸರೆಗೆ ಚೆಂಡುಹೂ, ಚಳಿಗೆ ಕಾಕಡ, ವರ್ಷವಿಡೀ ದಾಸವಾಳ, ನಿತ್ಯಪುಷ್ಪ. ಎಲ್ಲವನ್ನೂ ಒಂದೇ ವರ್ಷ ತರಬೇಡಿ. ಮೊದಲ ಮಳೆಗಾಲಕ್ಕೆ ಐದು ಗಿಡ ಸಾಕು: ಒಂದು ದಾಸವಾಳ, ಒಂದು ಕಾಕಡ, ಒಂದು ಕರಿಬೇವು, ಒಂದು ಕುಂಡ ದೊಡ್ಡಪತ್ರೆ, ನೆಲದಲ್ಲಿ ನಿತ್ಯಪುಷ್ಪ.

ಈ ಗಿಡಗಳು ಒಂದು ಬೇಸಿಗೆ ಕಳೆದ ಮೇಲೆ ನಿಮ್ಮಿಂದ ಕೇಳುವುದು ಬಹಳ ಕಡಿಮೆ. ಅವು ಕೊಡುವುದು ಪೂಜೆಗೆ ಹೂ, ಸಾರಿಗೆ ಒಗ್ಗರಣೆ, ಚಿಟ್ಟೆಗೆ ಮನೆ, ಮಳೆನೀರು ಇಂಗಲು ಒಂದಿಷ್ಟು ತೆರೆದ ನೆಲ. ಸಂದುಗೊಂದುಗಳಿಗೂ ಕಾಂಕ್ರೀಟ್ ಬಿದ್ದಿರುವ ನಮ್ಮ ಬಡಾವಣೆಗಳಿಗೆ ಇದು ಸಣ್ಣ ಲಾಭವಲ್ಲ. ಎರಡನೇ ಮಳೆಗಾಲದಲ್ಲಿ ಸವರಿದ ದಾಸವಾಳದ ಕಡ್ಡಿಗಳನ್ನು ಬಿಸಾಡಬೇಡಿ. ಮೇಲಿನ ಮನೆಯ ಬಾಡಿಗೆದಾರರಿಗೆ, ಎದುರಿನ ಹೊಸ ಮನೆಯವರಿಗೆ ಕೊಡಿ. ಹಳೆಯ ಬಡಾವಣೆಗಳಲ್ಲಿ ಈ ಗಿಡಗಳು ಹಬ್ಬಿದ್ದು ಹೀಗೆ ಕೈಯಿಂದ ಕೈಗೆ. ಇನ್ನು ಜಾಗ ಇರುವುದು ಒಂದೇ ಗಿಡಕ್ಕೆ ಎನ್ನುವವರು ಹೆಚ್ಚು ಯೋಚಿಸದೆ ಕರಿಬೇವು ನೆಡಿ. ಗುಂಡಿಯನ್ನು ಈ ಭಾನುವಾರವೇ ತೋಡಿಟ್ಟರೆ ಮಳೆ ಶುರುವಾಗುವ ಹೊತ್ತಿಗೆ ಮಣ್ಣು ಹದವಾಗಿರುತ್ತದೆ.